ಟೆಸ್ಲಾ ಕಾಯಿಲ್: ಕಿಡಿಯ ಉದ್ದ ಆಮೇಲೆ ಕೇಳಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಭಾನುವಾರದ ಪುರವಣಿಯಲ್ಲಿ ಮನೆಯಲ್ಲೇ ಟೆಸ್ಲಾ ಕಾಯಿಲ್, ಅಂದರೆ ವೋಲ್ಟೇಜನ್ನು ವಿಪರೀತ ಏರಿಸಿ ಗಾಳಿಯಲ್ಲೇ ಕಿಡಿ ಹಾರಿಸುವ ತಂತಿ ಸುರುಳಿಯ ಯಂತ್ರ, ಕಟ್ಟುವ ಬಗ್ಗೆ ಬಂದ ಬರಹ ಓದಿದೆ. ಇಂಥ ವಿಷಯಕ್ಕೆ ಜಾಗ ಕೊಡುವ ಪತ್ರಿಕೆಗಳೇ ಕಡಿಮೆ, ಅದಕ್ಕೆ ಮೊದಲು ಥ್ಯಾಂಕ್ಸ್. ಆದರೆ ಅದನ್ನು ಓದಿದ ಹುಡುಗರಿಗೆ ಟೆಸ್ಲಾ ಕಾಯಿಲ್ ಅಂದರೆ ಒಂದೇ ಯಂತ್ರ, ಸಾಮಾನು ತಂದು ಜೋಡಿಸಿದರೆ ಮುಗೀತು ಅನ್ನಿಸುತ್ತದೆ. ಹಾಗಿಲ್ಲ ಸ್ವಾಮಿ. ಇದರಲ್ಲಿ ಆರೇಳು ಜಾತಿಗಳಿವೆ. ಒಂದು 9 ವೋಲ್ಟಿನ ಬ್ಯಾಟರಿಯಲ್ಲಿ ಓಡುತ್ತದೆ. ಇನ್ನೊಂದು ಕೈ ಜಾರಿದರೆ ಆಳನ್ನೇ ತೆಗೆದುಬಿಡುತ್ತದೆ. ಎರಡನ್ನೂ ಒಂದೇ ಪ್ಯಾರಾದಲ್ಲಿ ಸೇರಿಸಿ ಬರೆದರೆ ಹೇಗೆ?

ನನ್ನದು ತಿಪಟೂರಿನಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ. ಸುಟ್ಟು ಬಂದ ಮೋಟಾರು ಸುತ್ತುವುದು ಹೊಟ್ಟೆಪಾಡು, ಅಂಗಡಿ ಬಾಗಿಲು ಎಳೆದ ಮೇಲೆ ಟೆಸ್ಲಾ ಕಾಯಿಲ್ ಸುತ್ತುವುದು ಹುಚ್ಚು. ವಿಜ್ಞಾನ ವಸ್ತುಪ್ರದರ್ಶನದ ಸೀಸನ್ ಬಂತು ಅಂದರೆ ಪಿಯುಸಿ, ಡಿಪ್ಲೊಮಾ ಹುಡುಗರು ಎನಾಮೆಲ್ ತಂತಿ ಕೇಳಿಕೊಂಡು ಬರುತ್ತಾರೆ. ಎಲ್ಲರದೂ ಮೊದಲ ಪ್ರಶ್ನೆ ಒಂದೇ: "ಅಂಕಲ್, ಎಷ್ಟುದ್ದ ಸ್ಪಾರ್ಕ್ ಬರುತ್ತೆ?" ನಾನು ತಿರುಗಿಸಿ ಕೇಳುತ್ತೇನೆ: "ಪ್ರೈಮರಿಗೆ ಏನು ಹಾಕ್ತೀಯಪ್ಪ?" ಅದಕ್ಕೆ ಉತ್ತರ ಇರುವುದಿಲ್ಲ. ಪ್ರೈಮರಿ ಅಂದರೆ ಕೆಳಗಿನ ಕೆಲವೇ ಸುತ್ತಿನ ಸುರುಳಿ, ಕರೆಂಟು ಮೊದಲು ಹೋಗುವುದು ಅದಕ್ಕೆ. ಜಾತಿ ಜಾತಿಗೆ ವ್ಯತ್ಯಾಸ ಇರುವುದೇ ಪ್ರೈಮರಿ ಕಡೆ. ಜೀವಕ್ಕೆ ಅಪಾಯ ಜಾಸ್ತಿ ಇರುವುದೂ ಅಲ್ಲೇ.

ಯಾಕೆ ಅಂದರೆ, ಮೇಲೆ ಎದ್ದು ಕಾಣುವ ಉದ್ದದ ಸುರುಳಿ, ಅಂದರೆ ಸೆಕೆಂಡರಿ, ಹೆಚ್ಚುಕಮ್ಮಿ ಎಲ್ಲ ಜಾತಿಯಲ್ಲೂ ಒಂದೇ. 110 ಮಿಲಿಮೀಟರಿನ ಪಿವಿಸಿ ಪೈಪು ತಗೊಳ್ಳಿ. 30 ಗೇಜಿನ ತಂತಿಯನ್ನು ಒತ್ತೊತ್ತಾಗಿ ಸಾವಿರ ಸುತ್ತು ಸುತ್ತಿ. ಎತ್ತರ 35 ಸೆಂಟಿಮೀಟರ್ ಆಸುಪಾಸು ಬರುತ್ತದೆ. ತಂತಿ ಸುಮಾರು 350 ಮೀಟರ್ ಹಿಡಿಯುತ್ತದೆ, ತೂಕದಲ್ಲಿ ಕಾಲು ಕೆಜಿ ಅಷ್ಟೇ. ಸುತ್ತುವ ಮೊದಲು ಪೈಪಿನ ಮೇಲಿನ ಅಕ್ಷರಗಳನ್ನೆಲ್ಲ ಎಮರಿ ಪೇಪರಿನಿಂದ ಉಜ್ಜಿ ತೆಗೆಯಬೇಕು, ಬಿಸಿಲಿಗೆ ಒಣಗಿಸಬೇಕು, ಒಂದು ಕೈ ವಾರ್ನಿಶ್ ಹೊಡೆಯಬೇಕು. ಎಳೆಯ ಮೇಲೆ ಎಳೆ ಹತ್ತಬಾರದು. ಹತ್ತಿತು ಅಂದರೆ ಉಗುರಿಗೇ ಗೊತ್ತಾಗುತ್ತದೆ, ಅಲ್ಲೇ ಬಿಚ್ಚಿ ಸರಿಮಾಡಿ, ಮುಂದೆ ಹೋಗಬೇಡಿ. ಇನ್ನೊಂದು ಮಾತು. ತಂತಿಯ ತುದಿಯನ್ನು ಪೈಪಿಗೆ ತೂತು ಕೊರೆದು ಒಳಗಿನಿಂದ ಇಳಿಸುತ್ತಾರೆ, ನೋಡಲು ನೀಟಾಗಿರುತ್ತದೆ ಅಂತ. ಬೇಡವೇ ಬೇಡ. ಮೇಲ್ತುದಿಯ ವೋಲ್ಟೇಜು ಒಳಗಿನ ದಾರಿ ಹಿಡಿದು ಕೆಳಗೆ ಹಾರುತ್ತದೆ, ಪೈಪು ಒಳಗೊಳಗೇ ಕರಕಲಾಗುತ್ತದೆ.

ತಲೆಯ ಮೇಲೆ ಕೂರುವ ಕೋಡುಬಳೆ ಆಕಾರದ ಟೋರಾಯ್ಡ್‌ಗೆ ಅಮೆರಿಕದವರು ಬಟ್ಟೆ ಒಣಗಿಸುವ ಮೆಷಿನ್ನಿನ ಪೈಪು ಹೇಳುತ್ತಾರೆ. ನಮ್ಮಲ್ಲಿ ಅಡುಗೆಮನೆ ಚಿಮಣಿಗೆ ಹಾಕುವ ಮಡಿಕೆ ಮಡಿಕೆ ಅಲ್ಯೂಮಿನಿಯಂ ಪೈಪು ಸಿಗುತ್ತದಲ್ಲ, ಅದೇ ಸಾಕು. ಪ್ರೈಮರಿಗೆ ಎಸಿ ಮೆಕ್ಯಾನಿಕ್‌ಗಳು ಬಳಸುವ ಕಾಲು ಇಂಚಿನ ತಾಮ್ರದ ಪೈಪು. ಇಷ್ಟಾದರೆ ಸೆಕೆಂಡರಿ ಸೆಕೆಂಡಿಗೆ ಸುಮಾರು ಎರಡೂಕಾಲು ಲಕ್ಷ ಸಲ ಮಿಡಿಯಲು ತಯಾರು. ಈಗ ಅದನ್ನು ಮಿಡಿಸುವವರು ಯಾರು? ಇಲ್ಲಿಂದ ದಾರಿ ಕವಲೊಡೆಯುತ್ತದೆ.

ಹಳೆಯದು ಸ್ಪಾರ್ಕ್ ಗ್ಯಾಪ್. 1891ರಲ್ಲಿ ನಿಕೋಲಾ ಟೆಸ್ಲಾ ಪೇಟೆಂಟ್ ತಗೊಂಡಾಗ ಇದ್ದದ್ದು ಈ ಬಗೆಯೇ. ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಒಂದು ಕೆಪಾಸಿಟರನ್ನು, ಅಂದರೆ ಚಾರ್ಜ್ ಹಿಡಿದಿಡುವ ವಸ್ತುವನ್ನು, ತುಂಬುತ್ತದೆ, ತುಂಬಿ ತುಳುಕಿದಾಗ ಎರಡು ಲೋಹದ ತುದಿಗಳ ನಡುವೆ ಕಿಡಿ ಹಾರುತ್ತದೆ, ಆ ಕಿಡಿಯೇ ಸ್ವಿಚ್ಚು. ಕಿಡಿ ಹಾರಿದ ಕ್ಷಣ ಕೆಪಾಸಿಟರಿನಲ್ಲಿದ್ದದ್ದೆಲ್ಲ ಪ್ರೈಮರಿಗೆ ನುಗ್ಗಿ ಅಲ್ಲಿಂದ ಸೆಕೆಂಡರಿಗೆ ದಾಟುತ್ತದೆ. ದೇವಸ್ಥಾನದ ಗಂಟೆಗೆ ಒಂದು ಏಟು ಹೊಡೆದು ಬಿಟ್ಟ ಹಾಗೆ. ಒಮ್ಮೆ ಜೋರಾಗಿ ಮೊಳಗುತ್ತದೆ, ಹಾಗೇ ಅಡಗುತ್ತದೆ, ಮತ್ತೆ ಏಟು. ಎಲೆಕ್ಟ್ರಾನಿಕ್ಸ್ ಅಂತ ಏನೂ ಇಲ್ಲ. ಟ್ರಾನ್ಸಿಸ್ಟರ್ ಇಲ್ಲ, ಐಸಿ ಇಲ್ಲ, ಸುಟ್ಟುಹೋಗುವ ಸೂಕ್ಷ್ಮ ವಸ್ತುವೇ ಇಲ್ಲ. ಲಾಸ್ ಏಂಜಲೀಸಿನ ಗ್ರಿಫಿತ್ ವೀಕ್ಷಣಾಲಯದಲ್ಲಿ 1937ರಿಂದ ಇರುವ ದೊಡ್ಡ ಕಾಯಿಲ್ ಈ ಜಾತಿಯದೇ.

ಕಿಡಿಯ ಉದ್ದ ಬೇಕು ಅಂದವರಿಗೆ ಇದೇ ಸುಲಭದ ದಾರಿ. ಹವ್ಯಾಸಿಗಳ ನಡುವೆ ಒಂದು ಅಂದಾಜು ಲೆಕ್ಕ ಓಡಾಡುತ್ತದೆ: ಒಳಗೆ ಹೋಗುವ ವ್ಯಾಟ್‌ನ ವರ್ಗಮೂಲ ತೆಗೆದು 1.7ರಿಂದ ಗುಣಿಸಿದರೆ ಇಂಚಿನಲ್ಲಿ ಕಿಡಿಯ ಉದ್ದ. 15 ಸಾವಿರ ವೋಲ್ಟಿನ, 30 ಮಿಲಿ ಆಂಪಿಯರಿನ ನಿಯಾನ್ ಬೋರ್ಡ್ ಟ್ರಾನ್ಸ್‌ಫಾರ್ಮರ್ ಅಂದರೆ 450 ವ್ಯಾಟ್. ಲೆಕ್ಕದಂತೆ 36 ಇಂಚು, ಮೂರಡಿ. ಅದು ಎಲ್ಲ ಸರಿಯಾಗಿ ಕೂತರೆ ಮಾತ್ರ. ಗ್ಯಾಪು ಬಿಸಿಯಾದರೆ, ಟ್ಯೂನಿಂಗ್, ಅಂದರೆ ಪ್ರೈಮರಿಯ ಮಿಡಿತವನ್ನು ಸೆಕೆಂಡರಿಯದಕ್ಕೆ ಹೊಂದಿಸುವುದು, ಒಂದು ಸುತ್ತು ಆಚೀಚೆ ಆದರೆ ಅರ್ಧಕ್ಕೆ ಇಳಿಯುತ್ತದೆ.

ಇಲ್ಲಿ ನಮ್ಮವರು ಎಡವುವ ಒಂದು ವಿಷಯ ಇದೆ. ನೆಟ್ಟಿನಲ್ಲಿ ಸಿಗುವ ಲೆಕ್ಕಗಳು ಬಹಳಷ್ಟು ಅಮೆರಿಕದವು, ಅಲ್ಲಿ ಕರೆಂಟು 60 ಹರ್ಟ್ಸ್. ನಮ್ಮದು 50. ಮೇಲೆ ಹೇಳಿದ ಟ್ರಾನ್ಸ್‌ಫಾರ್ಮರ್‌ಗೆ ಅಲ್ಲಿ 5.3 ನ್ಯಾನೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಅದರ ಜೊತೆ ರೆಸೊನೆನ್ಸ್‌ಗೆ, ಅಂದರೆ ಒಂದೇ ಮಿಡಿತಕ್ಕೆ, ಬರುತ್ತದೆ, ಇಲ್ಲಿ 6.4ಕ್ಕೆ ಬರುತ್ತದೆ. ಆ ಬೆಲೆಯ ಮೇಲೆ ಸರಿಯಾಗಿ ಕೂತರೆ ವೋಲ್ಟೇಜು ಟ್ರಾನ್ಸ್‌ಫಾರ್ಮರ್ ತಡೆದುಕೊಳ್ಳುವುದಕ್ಕಿಂತ ಮೇಲೇರಿ ಅದರ ವೈಂಡಿಂಗ್ ಹೋಗುತ್ತದೆ. ಅದಕ್ಕೇ ಗ್ಯಾಪು ತಿರುಗದ ಸಾದಾ ಬಗೆಯದಾದರೆ ಒಂದೂವರೆ ಪಟ್ಟು ದೊಡ್ಡ ಕೆಪಾಸಿಟರ್ ಹಾಕುವುದು ರೂಢಿ, ಅಂದರೆ ನಮ್ಮಲ್ಲಿ ಒಂಬತ್ತೂವರೆ ನ್ಯಾನೋ ಆಸುಪಾಸು. 60 ಹರ್ಟ್ಸ್ ಲೆಕ್ಕ ನೋಡಿ ಸ್ವಲ್ಪ ದೊಡ್ಡದಿರಲಿ ಅಂತ ಆರೋ ಆರೂವರೆಯೋ ಹಾಕಿದವನು ಇಲ್ಲಿ ನೇರವಾಗಿ ಬೆಂಕಿಯ ಮೇಲೇ ಕೂತಿರುತ್ತಾನೆ.

ಕೆಪಾಸಿಟರಿನ ಬಗ್ಗೆಯೂ ಒಂದೆರಡು ಮಾತು. ಬಾಟಲಿಗೆ ಉಪ್ಪುನೀರು ತುಂಬಿ, ಹೊರಗೆ ಫಾಯಿಲ್ ಸುತ್ತಿ ಮಾಡುವ ಕೆಪಾಸಿಟರನ್ನು ನಿಮ್ಮ ಬರಹದಲ್ಲಿ ಹೊಗಳಿದ್ದಾರೆ. ತೋರಿಸಲಿಕ್ಕೆ ಚೆಂದ. ಆದರೆ ಒಂದು ಬಾಟಲಿಗೆ ಒಂದು ನ್ಯಾನೋ ಬಂದರೆ ಪುಣ್ಯ. ಗಾಜು ಬಿಸಿಯಾಗುತ್ತದೆ, ಶಕ್ತಿ ಅಲ್ಲೇ ಪೋಲು, ಒಡೆದರೆ ನೆಲವೆಲ್ಲ ಉಪ್ಪುನೀರು, ಆ ಉಪ್ಪುನೀರಿನ ಮೇಲೆ ಚಪ್ಪಲಿ ಇಲ್ಲದೆ ನಿಂತ ಹುಡುಗ. ಬೇಕಾ? ಪಾಲಿಪ್ರೊಪಿಲೀನ್ ಫಿಲ್ಮ್ ಕೆಪಾಸಿಟರ್‌ಗಳನ್ನು ಸಾಲಾಗಿ ಸೀರೀಸಿನಲ್ಲಿ ಹಾಕಿ, ಒಂದೊಂದರ ಮೇಲೂ 10 ಮೆಗಾ ಓಮ್ ರೆಸಿಸ್ಟರ್ ಕೂರಿಸಿ. ಸ್ವಿಚ್ ಆಫ್ ಮಾಡಿದ ಮೇಲೆ ಚಾರ್ಜ್ ತಾನಾಗಿ ಇಳಿಯುತ್ತದೆ. ಹಾಗಂತ ನಂಬಿ ಕೈ ಹಾಕಬೇಡಿ, ಉದ್ದನೆಯ ಪಿವಿಸಿ ಕೋಲಿಗೆ ತಂತಿ ಕಟ್ಟಿ ಶಾರ್ಟ್ ಮಾಡಿ ನೋಡಿಯೇ ಮುಟ್ಟಿ.

ಈಗ ಈ ಕಾಗದ ಬರೆಯಲು ಕಾರಣವಾದ ವಿಷಯಕ್ಕೆ ಬರುತ್ತೇನೆ. ಕಬ್ಬಿಣದ ಕೋರಿನ ಹಳೆಯ ನಿಯಾನ್ ಟ್ರಾನ್ಸ್‌ಫಾರ್ಮರ್ ಈಗ ಸಿಗುವುದು ಕಷ್ಟ. ಬೋರ್ಡುಗಳೆಲ್ಲ ಎಲ್‌ಇಡಿ ಆದವು. ಹೊಸ ನಿಯಾನ್ ಸಪ್ಲೈಗಳು ಎಲೆಕ್ಟ್ರಾನಿಕ್, ಕಿಡಿ ಕಂಡ ಕೂಡಲೇ ಟ್ರಿಪ್ ಆಗುತ್ತವೆ, ಕಾಯಿಲ್‌ಗೆ ಆಗಿಬರುವುದಿಲ್ಲ. ಹಾಗಾಗಿ ವಿಡಿಯೊ ನೋಡಿದ ಹುಡುಗರು ಏನು ಮಾಡುತ್ತಾರೆ? ಗುಜರಿಗೆ ಹೋಗಿ ಮೈಕ್ರೋವೇವ್ ಓವನ್ನಿನ ಟ್ರಾನ್ಸ್‌ಫಾರ್ಮರ್ ತರುತ್ತಾರೆ. ನಿಮ್ಮ ಬರಹದಲ್ಲೂ "ಇದನ್ನೂ ಬಳಸಬಹುದು" ಎಂದು ಒಂದು ಸಾಲು ಇದೆ. ಆ ಒಂದು ಸಾಲು ಇರಬಾರದಿತ್ತು.

ಮೊನ್ನೆ ಒಬ್ಬ ಹುಡುಗ ಸ್ಕೂಲ್ ಬ್ಯಾಗಿನಲ್ಲಿ ಅದನ್ನು ಇಟ್ಟುಕೊಂಡು ಬಂದ. ಬ್ಯಾಗಿನ ಪಟ್ಟಿ ಭಾರಕ್ಕೆ ಕಿತ್ತುಬರುತ್ತಿತ್ತು. ಟೇಬಲ್ ಮೇಲೆ ಇಟ್ಟು, "ಅಂಕಲ್, ಇದಕ್ಕೆ ಎರಡು ತಂತಿ ಬೆಸುಗೆ ಹಾಕಿಕೊಡಿ, ಮಿಕ್ಕಿದ್ದು ನಾನೇ ಮಾಡ್ತೀನಿ" ಅಂದ. ನಾನು ಟ್ರಾನ್ಸ್‌ಫಾರ್ಮರ್ ತಿರುಗಿಸಿ ತೋರಿಸಿದೆ. ಹೈ ವೋಲ್ಟೇಜ್ ಸುರುಳಿಯ ಒಂದು ತುದಿ ಕಬ್ಬಿಣದ ಕೋರಿಗೇ ಕಟ್ಟಿರುತ್ತದೆ. ಅಂದರೆ ಬಾಡಿಯೇ ಒಂದು ತುದಿ, ಒಂದು ತಂತಿ ಮುಟ್ಟಿದರೆ ಸಾಕು. ಎರಡು ಸಾವಿರ ವೋಲ್ಟು, ಅರ್ಧ ಆಂಪಿಯರ್‌ಗೂ ಮಿಕ್ಕಿ ಕರೆಂಟು. ಎದೆಯ ಮೂಲಕ 100 ಮಿಲಿ ಆಂಪಿಯರ್ ಹಾದರೇ ಮನುಷ್ಯ ಉಳಿಯುವುದು ಕಷ್ಟ. ಹುಡುಗ ಜಾಣ, ತಕ್ಷಣ ಹೇಳಿದ: "ಮನೇಲಿ ಆರ್‌ಸಿಸಿಬಿ ಇದೆ ಅಂಕಲ್, ಟ್ರಿಪ್ ಆಗುತ್ತೆ." ಇಲ್ಲೇ ಇರುವುದು ಮೋಸ. ಆರ್‌ಸಿಸಿಬಿ ನೋಡುವುದು ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಮಾತ್ರ. ಟ್ರಾನ್ಸ್‌ಫಾರ್ಮರಿನ ಆಚೆ ಬದಿಯಲ್ಲಿ ನೀವು ಒದ್ದಾಡುತ್ತಿದ್ದರೂ ಈಚೆ ಬದಿಯ ಲೆಕ್ಕ ಸರಿಯಾಗೇ ಇರುತ್ತದೆ. ಅದು ಟ್ರಿಪ್ ಆಗುವುದಿಲ್ಲ. ಹುಡುಗನಿಗೆ ಅರ್ಥವಾಯಿತು ಅಂದುಕೊಂಡಿದ್ದೇನೆ. ಟ್ರಾನ್ಸ್‌ಫಾರ್ಮರ್ ನನ್ನ ಅಂಗಡಿಯಲ್ಲೇ ಉಳಿಸಿಕೊಂಡೆ, ಬದಲಿಗೆ ಕಾಲು ಕೆಜಿ ತಂತಿ ಕೊಟ್ಟು ಕಳಿಸಿದೆ.

ಇನ್ನು ಹಣ ಉಳಿಯುತ್ತದೆ ಅಂತಾನಾ? ಅದೂ ಇಲ್ಲ. ಎರಡು ಸಾವಿರ ವೋಲ್ಟು ಸ್ಪಾರ್ಕ್ ಗ್ಯಾಪಿಗೆ ಸಾಲದು, ಎರಡು ಮೂರು ಸೀರೀಸಿನಲ್ಲಿ ಹಾಕಬೇಕು, ಆಗ ಇನ್ಸುಲೇಶನ್ ತಡೆಯುವುದಿಲ್ಲ, ಎಣ್ಣೆಯಲ್ಲಿ ಮುಳುಗಿಸಬೇಕು, ಕರೆಂಟು ಮಿತಿಗೆ ತರಲು ಬೇರೆ ಚೋಕ್ ಕಟ್ಟಬೇಕು. ಮೊದಲ ಕಾಯಿಲ್ ಕಟ್ಟುವವನಿಗೆ ಇದೆಲ್ಲ ಯಾಕೆ?

ವಾಲ್ವ್, ಅಂದರೆ ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ಬುರುಡೆ, ಅದರ ಕಾಯಿಲ್ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಅದು ನನ್ನ ಪ್ರೀತಿಯದು, ಬಿಟ್ಟರೆ ಪುಟಗಟ್ಟಲೆ ಬರೆದೇನು. 811ಎ, 833ಎ, ರಷ್ಯಾದ ಜಿಯು-81ಎಂ, ನಮ್ಮ ಹಳೆಯ ಹ್ಯಾಮ್ ರೇಡಿಯೊದವರ ಅಟ್ಟದ ಮೇಲೆ ಸಿಗಬಹುದಾದ 807, ಇವುಗಳಲ್ಲಿ ಒಂದು ವಾಲ್ವು ಪ್ರೈಮರಿಯನ್ನು ಓಡಿಸುತ್ತದೆ. ವಾಲ್ವನ್ನು ಹತೋಟಿಯಲ್ಲಿಡುವ ಗ್ರಿಡ್‌ಗೆ ಇನ್ನೊಂದು ಸಣ್ಣ ಸುರುಳಿಯಿಂದ ಫೀಡ್‌ಬ್ಯಾಕ್. ಸ್ಪಾರ್ಕ್ ಗ್ಯಾಪಿನ ಕಿವಿಗಡಚಿಕ್ಕುವ ಸದ್ದಿಲ್ಲ. ಸ್ಟಕಾಟೊ ಸರ್ಕ್ಯೂಟ್ ಹಾಕಿ ಬಿಟ್ಟು ಬಿಟ್ಟು ಓಡಿಸಿದರೆ ಕಿಡಿ ಕೊಂಬೆ ಒಡೆಯದೆ ನೆಟ್ಟಗೆ ಮೇಲಕ್ಕೆ ಏಳುತ್ತದೆ. ಕತ್ತಲಲ್ಲಿ ಫಿಲಮೆಂಟ್ ಕೆಂಪಗೆ, ಮೇಲೆ ನೇರಳೆ ಕಿಡಿ, ಬೇರೆ ಯಾವ ಕಾಯಿಲ್‌ಗೂ ಈ ಚೆಂದ ಇಲ್ಲ. ಆದರೆ 833ಎ ವಾಲ್ವಿನ ಫಿಲಮೆಂಟ್ ಒಂದೇ 10 ವೋಲ್ಟು, 10 ಆಂಪಿಯರ್ ಕುಡಿಯುತ್ತದೆ, ಅಂದರೆ ಕಿಡಿ ಹಾರುವ ಮೊದಲೇ 100 ವ್ಯಾಟ್ ಖರ್ಚು. ಪ್ಲೇಟಿಗೆ ಸಾವಿರಗಟ್ಟಲೆ ವೋಲ್ಟು ಬೇಕು, ಅದಕ್ಕೆ ಜನ ಮತ್ತೆ ಅದೇ ಓವನ್ ಟ್ರಾನ್ಸ್‌ಫಾರ್ಮರ್ ತರುತ್ತಾರೆ. ಹಾಗಾಗಿ ಮೊದಲ ಕಾಯಿಲ್‌ಗೆ ಬೇಡ. ಎರಡು ಮೂರು ಕಾಯಿಲ್ ಕಟ್ಟಿ ಕೈ ಪಳಗಿದ ಮೇಲೆ, ಜೊತೆಗೆ ತಿಳಿದವರೊಬ್ಬರು ಇದ್ದರೆ, ಆಗ ಮಾಡಿ.

ಇನ್ನು ಟ್ರಾನ್ಸಿಸ್ಟರ್ ಕಾಯಿಲ್‌ಗಳು. ಇವುಗಳಲ್ಲೇ ಚಿಕ್ಕದು, ದೊಡ್ಡದು, ದೈತ್ಯ ಅಂತ ಇವೆ.

ಚಿಕ್ಕದರ ಹೆಸರು ಸ್ಲೇಯರ್ ಎಕ್ಸೈಟರ್. ಒಂದು ಟ್ರಾನ್ಸಿಸ್ಟರ್, 22 ಕಿಲೋ ಓಮಿನ ಒಂದು ರೆಸಿಸ್ಟರ್, ಒಂದು ಎಲ್‌ಇಡಿ, ಪ್ರೈಮರಿಗೆ ನಾಲ್ಕೈದು ಸುತ್ತು ದಪ್ಪ ತಂತಿ, ಒಂದು 9 ವೋಲ್ಟ್ ಬ್ಯಾಟರಿ. ಸೆಕೆಂಡರಿಯ ಕೆಳತುದಿ ಟ್ರಾನ್ಸಿಸ್ಟರಿನ ಬೇಸಿಗೆ. ಅಷ್ಟೇ. ಕಿಡಿ ಹೆಚ್ಚುಕಮ್ಮಿ ಬರುವುದೇ ಇಲ್ಲ, ಬಂದರೂ ಕೆಲವು ಮಿಲಿಮೀಟರ್. ಆದರೆ ಹತ್ತಿರ ಹಿಡಿದ ಸಿಎಫ್‌ಎಲ್ ಬಲ್ಬು ತಂತಿ ಇಲ್ಲದೆ ಹೊಳೆಯುತ್ತದೆ. ಹೊಳೆಯದಿದ್ದರೆ ಪ್ರೈಮರಿಯ ಎರಡು ತುದಿಗಳನ್ನು ಅದಲುಬದಲು ಮಾಡಿ, ನೂರಕ್ಕೆ ತೊಂಬತ್ತು ಸಲ ಅದೇ ತೊಂದರೆ. ಹೈಸ್ಕೂಲ್ ಮಕ್ಕಳಿಗೆ ಇದರಾಚೆ ಬೇಕಾಗಿಲ್ಲ. ರೆಸೊನೆನ್ಸ್ ಅಂದರೇನು ಅಂತ ಕೈಯಲ್ಲೇ ತಿಳಿಯುತ್ತದೆ: ಸೆಕೆಂಡರಿಯ ಹತ್ತಿರ ಅಂಗೈ ತಂದರೆ ಬೆಳಕು ಬದಲಾಗುತ್ತದೆ, ಯಾಕೆ ಅಂತ ಕೇಳಿ ನೋಡಿ, ಮಕ್ಕಳು ಅರ್ಧ ಗಂಟೆ ಕಿತ್ತಾಡುತ್ತಾರೆ.

ಬಲ್ಬು ಹೊಳೆಯಿತು ಅಂದ ಕೂಡಲೇ "ಫ್ರೀ ಎನರ್ಜಿ" ಅನ್ನುವವರು ಬರುತ್ತಾರೆ. ಪುಕ್ಕಟೆ ಏನೂ ಇಲ್ಲ, ಬ್ಯಾಟರಿ ಬಿಸಿಯಾಗಿರುವುದು ಮುಟ್ಟಿ ನೋಡಿ. ಟೆಸ್ಲಾ 1899ರಲ್ಲಿ ಕೊಲೊರಾಡೊ ಸ್ಪ್ರಿಂಗ್ಸ್‌ನಲ್ಲಿ ದೊಡ್ಡ ಕಾಯಿಲ್ ಕಟ್ಟಿದ, 1901ರಲ್ಲಿ ವಾರ್ಡನ್‌ಕ್ಲಿಫ್ ಗೋಪುರ ಶುರುಮಾಡಿದ, ತಂತಿ ಇಲ್ಲದೆ ಲೋಕಕ್ಕೆಲ್ಲ ಕರೆಂಟು ಕಳಿಸುತ್ತೇನೆ ಅಂದ. ದುಡ್ಡು ನಿಂತಿತು, 1917ರಲ್ಲಿ ಗೋಪುರ ಕೆಡವಿದರು. ಇದರಲ್ಲಿ ಮುಚ್ಚಿಟ್ಟ ರಹಸ್ಯ ಏನೂ ಇಲ್ಲ. ಕಾಯಿಲ್‌ನಿಂದ ದೂರ ಹೋದಷ್ಟೂ ಕ್ಷೇತ್ರ ಸೊರಗುತ್ತದೆ, ಬಲ್ಬನ್ನು ಎರಡಡಿ ಹಿಂದಕ್ಕೆ ಒಯ್ದರೆ ಯಾರಿಗಾದರೂ ಗೊತ್ತಾಗುತ್ತದೆ.

ಮುಂದಿನ ಮೆಟ್ಟಿಲು ಸಾಲಿಡ್ ಸ್ಟೇಟ್ ಕಾಯಿಲ್, ಹವ್ಯಾಸಿಗಳ ಬಾಯಲ್ಲಿ ಎಸ್‌ಎಸ್‌ಟಿಸಿ. ಮಾಸ್‌ಫೆಟ್ ಅಥವಾ ಐಜಿಬಿಟಿ ಅಂದರೆ ದೊಡ್ಡ ಕರೆಂಟಿಗೆ ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್, ಅಂಥ ಎರಡು ಸೇರಿ ಹಾಫ್ ಬ್ರಿಜ್. ಪಕ್ಕದಲ್ಲಿ ನಿಲ್ಲಿಸಿದ ತುಂಡು ಆಂಟೆನಾ ಸೆಕೆಂಡರಿಯ ಮಿಡಿತ ಹಿಡಿದು ಡ್ರೈವರ್ ಐಸಿಗೆ ಹೇಳುತ್ತದೆ, ಅದು ಫೆರೈಟ್ ಕೋರಿನ ಸಣ್ಣ ಟ್ರಾನ್ಸ್‌ಫಾರ್ಮರ್ ಮೂಲಕ ಎರಡೂ ಗೇಟುಗಳನ್ನು ಒಂದಾದ ಮೇಲೆ ಒಂದರಂತೆ ತೆರೆದು ಮುಚ್ಚುತ್ತದೆ. ಇಲ್ಲಿ ಗಂಟೆಗೆ ಏಟು ಹಾಕಿ ಬಿಡುವ ಮಾತಿಲ್ಲ, ಪಿಟೀಲಿನ ಕಮಾನು ಎಳೆದಂತೆ ನಿಲ್ಲದೆ ನೂಕುತ್ತಲೇ ಇರುತ್ತದೆ. ಟ್ಯೂನಿಂಗ್ ತಾಪತ್ರಯ ಇಲ್ಲ, ಕಾಯಿಲ್ ತನ್ನ ಶ್ರುತಿ ತಾನೇ ಹಿಡಿಯುತ್ತದೆ. 555 ಟೈಮರಿನ ಇಂಟರಪ್ಟರ್ ಹಾಕಿ ಬಿಟ್ಟು ಬಿಟ್ಟು ಓಡಿಸಿದರೆ ಟ್ರಾನ್ಸಿಸ್ಟರ್ ತಣ್ಣಗಿರುತ್ತದೆ, ಅಂಗೈಯಿಂದ ಮೊಳದವರೆಗೆ ಕಿಡಿ. ಸ್ಪಾರ್ಕ್ ಗ್ಯಾಪಿನ ಮೂರಡಿಯ ಮುಂದೆ ಇದು ಚಿಕ್ಕದೇ. ಆದರೆ ಕಲಿಯುವುದು ಇದರಲ್ಲೇ ಜಾಸ್ತಿ. ಗೇಟ್ ಡ್ರೈವ್, ಫೀಡ್‌ಬ್ಯಾಕ್, ಹೀಟ್‌ಸಿಂಕ್, ಎಲ್ಲ ಬರುತ್ತದೆ. ಮುಂದೆ ಇನ್ವರ್ಟರ್ ರಿಪೇರಿಗೋ ಇವಿ ಚಾರ್ಜರ್ ಕೆಲಸಕ್ಕೋ ಹೋಗುವ ಡಿಪ್ಲೊಮಾ ಹುಡುಗನಿಗೆ ಅನ್ನ ಕೊಡುವ ವಿದ್ಯೆ ಇದು.

ನಿಮ್ಮಲ್ಲಿ ಅಚ್ಚಾದ ಸರ್ಕ್ಯೂಟ್ ಚಿತ್ರ ಈ ಜಾತಿಯದೇ, ಅದರಲ್ಲೇ ದೊಡ್ಡ ತಪ್ಪಿದೆ. ಕರೆಂಟು ಒಳಗೆ ಬರುವ ಜಾಗದಲ್ಲಿ ಎರಡು ಡಯೋಡ್, ಎರಡು ಕೆಪಾಸಿಟರ್ ಹಾಕಿ ವೋಲ್ಟೇಜ್ ಡಬ್ಲರ್ ತೋರಿಸಿದ್ದಾರೆ. ಅದು 120 ವೋಲ್ಟಿನ ಅಮೆರಿಕದ ಚಿತ್ರ. ಅಲ್ಲಿ ಡಿಸಿ ಮಾಡಿದರೆ 170 ಬರುತ್ತದೆ, ಸಾಲದು ಅಂತ ಡಬಲ್ ಮಾಡಿ 340 ತಗೊಳ್ಳುತ್ತಾರೆ. ನಮ್ಮ 230 ವೋಲ್ಟನ್ನು ಸುಮ್ನೆ ಒಂದು ಬ್ರಿಜ್ ರೆಕ್ಟಿಫೈಯರ್‌ಗೆ ಕೊಟ್ಟರೇ 325 ಬರುತ್ತದೆ, ಡಬ್ಲರ್ ಬೇಕೇ ಇಲ್ಲ. ಚಿತ್ರದಲ್ಲಿದ್ದಂತೆ ಕಟ್ಟಿದರೆ 650. ಚಿತ್ರದ ಕೆಪಾಸಿಟರ್‌ಗಳು 200 ವೋಲ್ಟಿನವು, ಒಂದೊಂದರ ಮೇಲೂ 325 ಬೀಳುತ್ತದೆ, ಪಟಾಕಿಯಂತೆ ಸಿಡಿಯುತ್ತವೆ. 500 ವೋಲ್ಟಿನ ಐಆರ್‌ಎಫ್‌ಪಿ460 ಮಾಸ್‌ಫೆಟ್ಟೂ ಅದೇ ಕ್ಷಣಕ್ಕೆ ಹೋಗುತ್ತದೆ. ದಯವಿಟ್ಟು ಮುಂದಿನ ವಾರವೇ ತಿದ್ದುಪಡಿ ಹಾಕಿ. ಒಳಪುಟದ ಮೂಲೆಯಲ್ಲಿ ಬೇಡ, ಚಿತ್ರ ಬಂದ ಜಾಗದಲ್ಲೇ ಹಾಕಿ.

ಇದನ್ನು ಮೊದಲ ಸಲ ಆನ್ ಮಾಡುವಾಗ ನೇರ ಮೇನ್ಸ್‌ಗೆ ಕೊಡಬಾರದು. ನಮ್ಮ ಅಂಗಡಿಗಳಲ್ಲಿ ಸೀರೀಸ್ ಬೋರ್ಡ್ ಇರುತ್ತದಲ್ಲ, 100 ವ್ಯಾಟಿನ ಹಳೆಯ ಬಲ್ಬು ಹಾಕಿರುವುದು, ಅದರ ಮೂಲಕ ಕೊಡಿ. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಟ್ರಾನ್ಸಿಸ್ಟರ್ ಬದುಕುತ್ತದೆ. ಆಮೇಲೆ ಡಿಮ್ಮರ್‌ಸ್ಟಾಟ್‌ನಲ್ಲಿ ಸ್ವಲ್ಪ ಸ್ವಲ್ಪ ಏರಿಸಿ. ಒಂದು ಎಚ್ಚರ: ಡಿಮ್ಮರ್‌ಸ್ಟಾಟ್ ವೋಲ್ಟೇಜು ಇಳಿಸುತ್ತದೆಯೇ ಹೊರತು ಮೇನ್ಸ್‌ನಿಂದ ಬೇರ್ಪಡಿಸುವುದಿಲ್ಲ. ಒಳಗಿರುವುದು ಒಂದೇ ಸುರುಳಿ. 30 ವೋಲ್ಟಿಗೆ ಇಳಿಸಿದ್ದೇನೆ ಅಂತ ಮುಟ್ಟಿದರೆ ಫೇಸ್ ಹಾಗೇ ಸಿಗಬಹುದು. ಕರೆಂಟಿನ ಅಲೆ ತೋರಿಸುವ ಆಸಿಲೋಸ್ಕೋಪಿನ ಕ್ಲಿಪ್ಪನ್ನು ಬ್ರಿಜ್‌ಗೆ ಸಿಕ್ಕಿಸಿದರೂ ಇದೇ ಕಥೆ, ಕ್ಲಿಪ್ಪು ಅರ್ಥ್‌ಗೆ ಸೇರಿರುತ್ತದೆ, ಢಂ ಅಂತ ಫ್ಯೂಸು, ಸ್ಕೋಪು, ಟ್ರಾನ್ಸಿಸ್ಟರು ಒಟ್ಟಿಗೇ ಹೋಗುತ್ತವೆ. ಮೇನ್ಸ್‌ನಿಂದ ಬೇರ್ಪಡಿಸುವ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಅಲ್ಲಿ ಅಳೆಯಲು ಹೋಗಬೇಡಿ. ಮಾರ್ಕೆಟ್ಟಿನಲ್ಲಿ ನಕಲಿ ಮಾಸ್‌ಫೆಟ್ ಬೇಕಾದಷ್ಟಿವೆ, ಮೇಲೆ ಹೆಸರು ಅದೇ, ಒಳಗೆ ಚಿಕ್ಕ ಚಿಪ್ಪು. ಬೆಲೆ ಅತಿ ಕಡಿಮೆ ಕಂಡರೆ ಅನುಮಾನ ಪಡಿ.

ದೈತ್ಯನ ಹೆಸರು ಡಿಆರ್‌ಎಸ್‌ಎಸ್‌ಟಿಸಿ, ಅಂದರೆ ಡ್ಯುಯಲ್ ರೆಸೊನೆಂಟ್ ಸಾಲಿಡ್ ಸ್ಟೇಟ್ ಕಾಯಿಲ್. ಸ್ಪಾರ್ಕ್ ಗ್ಯಾಪಿನ ಹಾಗೆ ಪ್ರೈಮರಿಗೂ ಕೆಪಾಸಿಟರ್ ಕೂರಿಸಿ ಶ್ರುತಿ ಮಾಡುತ್ತಾರೆ, ನೂಕುವುದು ಮಾತ್ರ ಐಜಿಬಿಟಿ. ಸೆಕೆಂಡಿನ ಹತ್ತು ಸಾವಿರದಲ್ಲೊಂದು ಭಾಗ, ಹೆಚ್ಚೆಂದರೆ ಎರಡು ಭಾಗ ಓಡಿಸುತ್ತಾರೆ. ಅಷ್ಟರಲ್ಲೇ ಪ್ರೈಮರಿಯಲ್ಲಿ ಕರೆಂಟು ನೂರಾರು ಆಂಪಿಯರಿಗೆ ಏರಿರುತ್ತದೆ. ಮಿತಿ ದಾಟಿದ ಕೂಡಲೇ ನಿಲ್ಲಿಸುವ ಓವರ್‌ಕರೆಂಟ್ ಸರ್ಕ್ಯೂಟ್ ಇಲ್ಲದಿದ್ದರೆ ದುಬಾರಿ ಐಜಿಬಿಟಿ ಒಂದೇ ಪಲ್ಸಿಗೆ ಹೋಗುತ್ತದೆ. ಕಿಡಿ ಮಾತ್ರ ಅದ್ಭುತ. ಕಾಲಿನಷ್ಟೆತ್ತರದ ಸೆಕೆಂಡರಿಯಿಂದ ಆಳೆತ್ತರದ ಕಿಡಿ ತೆಗೆಯುವವರಿದ್ದಾರೆ. ಹಾಡುವ ಕಾಯಿಲ್ ಅಂತ ವಿಡಿಯೊಗಳಲ್ಲಿ ನೋಡುತ್ತೀರಲ್ಲ, ಹೆಚ್ಚಾಗಿ ಇದೇ ಜಾತಿ. ಸೆಕೆಂಡಿಗೆ 440 ಸಲ ಪಲ್ಸ್ ಕೊಟ್ಟರೆ ಕಿಡಿ 440 ಹರ್ಟ್ಸಿನ ಸ್ವರ ನುಡಿಯುತ್ತದೆ. ಎಲ್ಲರೂ ಇದರಲ್ಲಿ ವಿಡಿಯೊ ಗೇಮಿನ ಟ್ಯೂನೇ ಬಾರಿಸುತ್ತಾರೆ ಯಾಕೋ. ಪಲ್ಸಿನ ವೇಗವನ್ನು ಮೆಟ್ಟಿಲಿಲ್ಲದೆ ಜಾರಿಸಬಹುದು, ಅಂದರೆ ಗಮಕ ಬರುತ್ತದೆ. ಮಾಯಾಮಾಳವಗೌಳದ ಸರಳೆ ವರಸೆಯ ರಿಷಭವನ್ನು ಕೀಬೋರ್ಡಿಗಿಂತ ಇದು ಚೆನ್ನಾಗಿ ಅಲುಗಿಸುತ್ತದೆ. ಸಂಗೀತ ಬಲ್ಲ ಇಂಜಿನಿಯರಿಂಗ್ ಮಕ್ಕಳು ಯಾರಾದರೂ ಇದನ್ನು ಕೈಗೆತ್ತಿಕೊಳ್ಳಬೇಕು.

ಆದರೆ ಇದರ ಡಿಸಿ ಕೆಪಾಸಿಟರ್ ನೋಡಿ. 2000 ಮೈಕ್ರೋಫ್ಯಾರಡ್, 325 ವೋಲ್ಟು ಅಂದರೆ 100 ಜೌಲ್‌ಗೂ ಮಿಕ್ಕಿ ಶಕ್ತಿ, ಪ್ಲಗ್ ಕಿತ್ತ ಮೇಲೂ ಒಳಗೇ ಕೂತಿರುತ್ತದೆ. ಕಿಡಿ ಚಿಕ್ಕದಿರಲಿ ದೊಡ್ಡದಿರಲಿ, ಇದು ಸದ್ದಿಲ್ಲದೆ ಕಾಯುತ್ತಿರುತ್ತದೆ.

ಇನ್ನೂ ಎರಡು ಬಗೆ ಇವೆ. ಕ್ಯೂಸಿಡಬ್ಲ್ಯು ಅನ್ನುವುದರಲ್ಲಿ ವೋಲ್ಟೇಜನ್ನು ಹತ್ತಿಪ್ಪತ್ತು ಮಿಲಿಸೆಕೆಂಡ್ ಕಾಲ ನಿಧಾನಕ್ಕೆ ಏರಿಸಿ, ಸೆಕೆಂಡರಿಯ ಉದ್ದದ ಹಲವು ಪಟ್ಟು ನೆಟ್ಟನೆಯ ಕಿಡಿ ತೆಗೆಯುತ್ತಾರೆ. ಕ್ಲಾಸ್ ಇ ಅನ್ನುವುದು ಹಲವು ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಅದರ ಕಿಡಿ ದೀಪದ ಉರಿಯಂತೆ ನಿಶ್ಶಬ್ದ. ಎರಡೂ ಪಂಡಿತರಿಗೆ. ಇಲ್ಲಿಗೆ ಬಿಡುತ್ತೇನೆ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಬರುವ ಮೇಜಿನ ಮೇಲಿನ ಮ್ಯೂಸಿಕ್ ಕಾಯಿಲ್ ಕಿಟ್ ಕೂಡ ತಪ್ಪಲ್ಲ, ಬೆಸುಗೆ ಕಲಿಯಲು ಒಳ್ಳೆಯದು. ಆದರೆ ಅದರ ಕಿಡಿಯನ್ನು ಬೆರಳಿನಿಂದ ಮುಟ್ಟುವ ವಿಡಿಯೊ ನೋಡಿ "ಹೈ ಫ್ರೀಕ್ವೆನ್ಸಿ ಚರ್ಮದ ಮೇಲೇ ಹೋಗುತ್ತೆ, ಏನೂ ಆಗಲ್ಲ" ಅನ್ನುತ್ತಾರೆ. ನಿಮ್ಮ ಬರಹದಲ್ಲೂ ಆ ಮಾತಿದೆ. ನರಕ್ಕೆ ತಿಳಿಯುವುದಿಲ್ಲ, ನಿಜ. ಅದೇ ತೊಂದರೆ. ತಿಳಿಯದೆ ಒಳಗಿನ ಮಾಂಸ ಸುಡುತ್ತದೆ, ಚುಕ್ಕೆಯಷ್ಟು ಬಿಳಿ ಗಾಯ ವಾರಗಟ್ಟಲೆ ಮಾಯುವುದಿಲ್ಲ. ಇನ್ನು ಸ್ಪಾರ್ಕ್ ಗ್ಯಾಪಿನಲ್ಲಿ ಮೇಲಿನ ಕಿಡಿ ತಿರುಗಿ ಪ್ರೈಮರಿಗೆ ತಾಗಿದರೆ, ಆ ದಾರಿಯಲ್ಲೇ 50 ಹರ್ಟ್ಸಿನ ಕೊಲ್ಲುವ ಕರೆಂಟೂ ಮೇಲೆ ಬರಬಹುದು. ಕಿಡಿ ಮುಟ್ಟುವ ಆಟ ಯಾವ ಜಾತಿಯಲ್ಲೂ ಬೇಡ. ಪೇಸ್‌ಮೇಕರ್ ಇರುವ ಹಿರಿಯರು ವಸ್ತುಪ್ರದರ್ಶನಕ್ಕೆ ಬರುತ್ತಾರೆ, ಕಾಯಿಲ್ ಇರುವ ಕೋಣೆಯ ಹೊರಗೆ ದೊಡ್ಡಕ್ಷರದ ಬೋರ್ಡ್ ಹಾಕಿ. ಕಿಟಕಿ ತೆರೆದಿಡಿ, ಓಜೋನ್ ವಾಸನೆ ತಲೆ ಹಿಡಿಯುತ್ತದೆ. ಸ್ಪಾರ್ಕ್ ಗ್ಯಾಪಿನ ಬೆಳಕನ್ನು ಬರಿಗಣ್ಣಿನಲ್ಲಿ ನೋಡಬೇಡಿ, ವೆಲ್ಡಿಂಗಿನ ಹಾಗೆ ಅದರಲ್ಲೂ ಅಲ್ಟ್ರಾವಯಲೆಟ್ ಇದೆ.

ಅರ್ಥಿಂಗ್ ಬಗ್ಗೆ ನಿಮ್ಮ ಬರಹ ಒಂದಕ್ಷರ ಹೇಳಿಲ್ಲ. ಕಿಡಿ ಕಾರುವ ಕಾಯಿಲ್‌ಗಳಲ್ಲಿ ಸೆಕೆಂಡರಿಯ ಕೆಳತುದಿಯನ್ನು ಮನೆಯ ಮೂರು ಪಿನ್ನಿನ ಅರ್ಥ್‌ಗೆ ಸೇರಿಸಿದರೆ, ಆ ಹೈ ಫ್ರೀಕ್ವೆನ್ಸಿ ಮನೆಯ ವೈರಿಂಗಿನಲ್ಲೆಲ್ಲ ಓಡಾಡಿ ಟಿವಿ, ವೈಫೈ, ಪಕ್ಕದ ಮನೆಯವರ ತಾಳ್ಮೆ ಎಲ್ಲ ಸುಡುತ್ತದೆ. ಇದಕ್ಕೇ ಬೇರೆ ಪೈಪು ನೆಲಕ್ಕೆ ಹೊಡೆಯಿರಿ, ಇದ್ದಿಲು ಉಪ್ಪು ಹಾಕಿ, ನಮ್ಮ ಪಂಪ್‌ಸೆಟ್ಟಿನ ಅರ್ಥ್‌ನ ಹಾಗೇ. ಅಪಾರ್ಟ್‌ಮೆಂಟಿನವರು ಸಣ್ಣ ಕಾಯಿಲ್‌ಗೆ ಕೆಳಗೆ ಒಂದು ದೊಡ್ಡ ಅಲ್ಯೂಮಿನಿಯಂ ತಗಡು ಹಾಸಿ ಅದಕ್ಕೆ ಸೇರಿಸಿದರೂ ನಡೆಯುತ್ತದೆ. ಮೇನ್ಸ್‌ಗೆ ಸೇರುವ ಪೆಟ್ಟಿಗೆ, ಹೀಟ್‌ಸಿಂಕ್, ಟ್ರಾನ್ಸ್‌ಫಾರ್ಮರಿನ ಬಾಡಿ ಇವುಗಳಿಗೆ ಮಾತ್ರ ಮನೆಯ ಅರ್ಥ್ ಇರಲೇಬೇಕು. ಎರಡನ್ನೂ ಬೆರೆಸಬೇಡಿ.

ಹಾಗಾದರೆ ಯಾವುದು ಕಟ್ಟಬೇಕು ಅಂತ ಹುಡುಗರು ಕೇಳಿದರೆ ನಾನು ಹೇಳುವುದು ಇಷ್ಟು. ಮೊದಲು ಸೆಕೆಂಡರಿ ಸುತ್ತಿ, ಮೇಲೆ ಹೇಳಿದ ಅಳತೆಯಲ್ಲೇ, ವಾರ್ನಿಶ್ ಹಾಕಿ ಗಟ್ಟಿಯಾಗಿ ಮಾಡಿಟ್ಟುಕೊಳ್ಳಿ. ಟೋರಾಯ್ಡ್ ಇಲ್ಲದೆ ಅದನ್ನೇ ಬ್ಯಾಟರಿಯ ಸ್ಲೇಯರ್‌ನಲ್ಲಿ ಓಡಿಸಿ, ಬಲ್ಬು ಹೊಳೆಯಲಿ. ಹಾಫ್ ಬ್ರಿಜ್ ಕಟ್ಟುವಷ್ಟು ಧೈರ್ಯ, ಕೈಚಳಕ ಬಂದ ಮೇಲೆ ಅದೇ ಸೆಕೆಂಡರಿಯ ಕೆಳಗೆ ಹೊಸ ಪ್ರೈಮರಿ ಇಡಿ, ಮೊದಲು 24 ವೋಲ್ಟ್ ಡಿಸಿಯಲ್ಲಿ ನೋಡಿ, ಆಮೇಲೆ ಸೀರೀಸ್ ಬಲ್ಬು, ಆಮೇಲೆ ಮೇನ್ಸ್. ಇಂಜಿನಿಯರಿಂಗ್ ಸೇರಿ ಸ್ಕೋಪು, ಲ್ಯಾಬು, ತಿಳಿದ ಮೇಷ್ಟ್ರು ಸಿಕ್ಕಾಗ ಅದೇ ಸೆಕೆಂಡರಿಗೆ ತಾಮ್ರದ ಪೈಪಿನ ಪ್ರೈಮರಿ, ಕೆಪಾಸಿಟರ್ ಸಾಲು ಸೇರಿಸಿ ಡಿಆರ್ ಮಾಡಿಕೊಳ್ಳಬಹುದು. ಆಗ ಮಾತ್ರ ಪ್ರೈಮರಿ ಮತ್ತು ಸೆಕೆಂಡರಿ ನಡುವೆ ಸ್ವಲ್ಪ ಜಾಸ್ತಿ ಅಂತರ ಬಿಡಿ, ಇಲ್ಲದಿದ್ದರೆ ಸುರುಳಿಯ ಮೈಮೇಲೆಲ್ಲ ಕಿಡಿ ಹರಿದಾಡಿ ಎನಾಮೆಲ್ ಸುಡುತ್ತದೆ. ಕಾಲು ಕೆಜಿ ತಂತಿ ಒಂದೇ ಸಲ ಕೊಂಡರೆ ಸಾಕು, ಅದು ಯಾವ ಊರಿನ ವೈಂಡಿಂಗ್ ಅಂಗಡಿಯಲ್ಲಾದರೂ ಸಿಗುತ್ತದೆ. ಕೇಳುವಾಗ 30 ಗೇಜು, ಸಿಂಗಲ್ ಎನಾಮೆಲ್ ಬೇಡ, ಡಬಲ್ ಕೋಟಿಂಗಿನದು ಕೊಡಿ ಅನ್ನಿ.

ಇಂತಿ,
ನಿಮ್ಮ ಓದುಗ,
ಮೋಟಾರ್ ವೈಂಡಿಂಗ್ ಅಂಗಡಿಯವನು, ತಿಪಟೂರು